ಸರ್ಕಾರದ ಕಡೆ ಒಂದನೇ ಸಾಕ್ಷಿ

ನಮ್ಮ ಅತ್ತೆ ಗುರುಬಸಮ್ಮನವರಿಗೆ ಕಾಯುವುದು ಎಂದರೆ ಮೈಯೆಲ್ಲ ಉರಿ. ಹಾಲಿನವಳು ಸ್ವಲ್ಪ ತಡ ಮಾಡಿದರೂ ಬೀದಿ ಬಾಗಿಲಲ್ಲಿ ನಿಂತು, ಚಾಮರಾಜಪೇಟೆಯ ಆ ತುದಿಗೆ ಕೇಳುವ ಹಾಗೆ ಅವಳನ್ನೂ ಅವಳ ಎಮ್ಮೆಯನ್ನೂ ವಿಚಾರಿಸಿಕೊಳ್ಳುತ್ತಿದ್ದರು. ಮದುವೆಮನೆಗೆ ಹೋದರೆ ಮೊದಲ ಪಂಕ್ತಿಯಲ್ಲೇ ಕೂರಬೇಕು. ಜಟಕಾದವನು ಕುದುರೆಗೆ ಹುಲ್ಲು ಹಾಕುತ್ತ ನಿಂತರೆ ಇಳಿದು ನಡೆದೇಬಿಡುವರು. ಇಂಥ ಹೆಂಗಸನ್ನು ಸರ್ಕಾರದವರು ತಿಂಗಳುಗಟ್ಟಲೆ ಕೋರ್ಟಿನ ಜಗಲಿಯಲ್ಲಿ ಕೂರಿಸಿದರು. ಪ್ರತಿ ಸಲವೂ ಅವರ ಪಕ್ಕದಲ್ಲಿ ಕೂತಿದ್ದವಳು ನಾನು, ಸೊಸೆ ರುದ್ರಾಣಿ. ಕೋರ್ಟಿನ ಮೇಲೆ ಬಂದ ಸಿಟ್ಟು, ಪೊಲೀಸರ ಮೇಲೆ ಬಂದ ಸಿಟ್ಟು, ಕೊನೆಗೆ ಜಟಕಾ ಕುದುರೆಯ ಮೇಲೆ ಬಂದ ಸಿಟ್ಟು, ಎಲ್ಲವನ್ನೂ ಅವರು ತೀರಿಸಿಕೊಂಡದ್ದು ನನ್ನ ಮೇಲೆಯೇ.

ಅತ್ತೆಯ ತವರು ತಿಪಟೂರಿನ ಕಡೆ. ಮದುವೆಯಾಗಿ ಚಿಕ್ಕಪೇಟೆಯ ಮನೆ ತುಂಬಿದ ವರ್ಷವೇ ಪ್ಲೇಗು ಬಂತಂತೆ. ಪೇಟೆಯೆಲ್ಲ ಖಾಲಿಯಾಗಿ, ಮನೆಮಂದಿ ಊರಾಚೆ ಗುಡಿಸಲು ಹಾಕಿಕೊಂಡು, ಆಮೇಲೆ ಹಿರಿಯರು ಚಾಮರಾಜಪೇಟೆಯಲ್ಲಿ ಸೈಟು ಹಿಡಿದು ಈ ಮನೆ ಕಟ್ಟಿಸಿದರು. ನಮ್ಮ ಯಜಮಾನರು ನಂಜಪ್ಪ ಇನ್ನೂ ಸ್ಕೂಲಿಗೆ ಹೋಗುತ್ತಿದ್ದಾಗಲೇ ಮಾವನವರು ತೀರಿಕೊಂಡರು. ಚಿಕ್ಕಪೇಟೆಯ ಸೀರೆ ಅಂಗಡಿಯನ್ನು ಮುಚ್ಚಿ ಬಾಡಿಗೆಗೆ ಕೊಡಿ ಎಂದು ನೆಂಟರೆಲ್ಲ ಹೇಳಿದರೂ ಅತ್ತೆ ಕೇಳಲಿಲ್ಲ. ಗುಮಾಸ್ತರನ್ನು ಮುಂದೆ ಕೂರಿಸಿ, ತಾವು ಮಧ್ಯಾಹ್ನ ಹೋಗಿ ಒಳಗಿನ ಕೋಣೆಯಲ್ಲಿ ಕೂತು, ಮಗ ದೊಡ್ಡವನಾಗುವವರೆಗೂ ನಡೆಸಿದರು. ಅಂಗಡಿ ಮಗನ ಕೈಗೆ ಬಂದ ಮೇಲೆ ಅವರಿಗೆ ಉಳಿದದ್ದು ಮನೆ, ಮಠ, ಮತ್ತು ಪೂಜೆ.

ಪೂಜೆ ಎಂದರೆ ಲಿಂಗಪೂಜೆ. ನಮ್ಮವರಲ್ಲಿ ಮಗುವಿಗೆ ಗುರುಗಳು ಕಟ್ಟಿದ ಲಿಂಗ ಸಾಯುವವರೆಗೂ ಮೈಮೇಲೆ ಇರಬೇಕು. ಅತ್ತೆಯ ಲಿಂಗ ಒಂದು ಬೆಳ್ಳಿಯ ಕರಡಿಗೆಯಲ್ಲಿತ್ತು. ಸಣ್ಣ ನಿಂಬೆಹಣ್ಣಿನಷ್ಟು ದಪ್ಪದ ಆ ಸಂಪುಟವನ್ನು ಬೆಳ್ಳಿ ಸರಪಣಿಯಲ್ಲಿ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಬೆಳಿಗ್ಗೆ ಸಂಜೆ ಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತರೆ, ಕಾಯುವುದೆಂದರೆ ಆಗದ ಆ ಹೆಂಗಸು ಮನೆ ಬಿದ್ದರೂ ಅಲ್ಲಾಡುತ್ತಿರಲಿಲ್ಲ. ಪೂಜೆಯಾಗದೆ ಒಂದು ಹನಿ ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

ಐವತ್ತೊಂದರ ಕಾರ್ತಿಕ ಮಾಸ. ಸೋಮವಾರ ಸಂಜೆ ಅವರು ಮಠದಿಂದ ಒಬ್ಬರೇ ನಡೆದು ಬರುತ್ತಿದ್ದರು. ಬೀದಿ ದೀಪಗಳು ಆಗತಾನೇ ಹತ್ತಿದ್ದವು. ಎದುರಿನಿಂದ ಬಂದ ಒಬ್ಬ ಯುವಕ, "ಅಜ್ಜಿ, ಮಾರ್ಕೆಟ್ಟಿಗೆ ಹೇಗೆ ಹೋಗ್ಬೇಕು?" ಎಂದು ಕೇಳಿದ. ಇವರು ಕೈ ತೋರಿಸಲು ತಿರುಗಿದ್ದೇ ತಡ, ಸರಪಣಿಗೆ ಕೈ ಹಾಕಿ ಎಳೆದ. ಅತ್ತೆ ಕರಡಿಗೆಯನ್ನು ಬಿಡದೆ ಹಿಡಿದುಕೊಂಡರು. ಅವನ ಮುಂಗೈ ಬಾಯಿಯ ಹತ್ತಿರಕ್ಕೆ ಬಂದಾಗ ಕಚ್ಚಿಯೂ ಕಚ್ಚಿದರು. ಅವನು ತಳ್ಳಿದ ರಭಸಕ್ಕೆ ಸರಪಣಿ ಹರಿಯಿತು, ಇವರು ಕಲ್ಲಿನ ಮೇಲೆ ಕೂತಂತೆ ಬಿದ್ದರು. ಬಿದ್ದಲ್ಲಿಂದಲೇ ಕೂಗಿಕೊಂಡರು:

"ಬೆಳ್ಳಿ ತಗೊಂಡು ಹೋಗೋ! ಲಿಂಗ ಕಣೋ ಒಳಗಿರೋದು, ಅದನ್ನ ಕೊಟ್ಟು ಹೋಗೋ!"

ಅವನು ತಿರುಗಿ ನೋಡಲಿಲ್ಲ.

ಬೀದಿಯವರು ಎತ್ತಿಕೊಂಡು ಬಂದು ಮನೆಯಲ್ಲಿ ಮಲಗಿಸಿದರು. ಕೊರಳಿನ ಸುತ್ತ ಸರಪಣಿ ಎಳೆದ ಕೆಂಪು ಗೆರೆ ಎದ್ದಿತ್ತು. ಸೊಂಟಕ್ಕೆ ಪೆಟ್ಟಾಗಿತ್ತು. ಅದ್ಯಾವುದನ್ನೂ ಅವರು ನೋವು ಎನ್ನಲಿಲ್ಲ. ಊಟ ಮುಟ್ಟಲಿಲ್ಲ, ನೀರು ಕುಡಿಯಲಿಲ್ಲ. ಮಾರನೆಯ ದಿನ ಮಠದ ಅಯ್ಯನವರು ಬಂದು, "ತಾಯಿ, ಲಿಂಗ ಹೋಯ್ತು ಅಂತ ಪ್ರಾಣ ಬಿಡೋ ಕಾಲ ಅಲ್ಲ ಇದು. ಗುರು ಹೇಳ್ತಿದೀನಿ, ಕೇಳಿ," ಎಂದು ಬೇರೆ ಲಿಂಗ ಕಟ್ಟಿದರು. ಗುರುವಿನ ಮಾತಿಗೆ ಎದುರಾಡುವಂತಿಲ್ಲ. ಆದರೆ ಅವರು ತಮ್ಮದೊಂದು ಷರತ್ತು ಹಾಕಿಕೊಂಡರು. ತಮ್ಮ ಲಿಂಗ ಸಿಗುವವರೆಗೆ ಒಪ್ಪೊತ್ತಿನ ಊಟ. ಅಯ್ಯನವರು ಬೇಡವೆಂದರು, ಯಜಮಾನರು ಗದರಿದರು, ನಾನು ಕಣ್ಣೀರು ಹಾಕಿದೆ. ಯಾರ ಮಾತೂ ನಡೆಯಲಿಲ್ಲ.

ಪೊಲೀಸರಿಗೆ ದೂರು ಕೊಡುವಾಗಲೂ ನಾನಿದ್ದೆ. ಇನ್‌ಸ್ಪೆಕ್ಟರ್ ಕೇಳುತ್ತ ಹೋದರು, ರೈಟರು ಬರೆಯುತ್ತ ಹೋದರು. ಅತ್ತೆ "ಅವನ ಬಲಗೈ ಮುಂಗೈಗೆ ಕಚ್ಚಿದೀನಿ, ಬರ್ಕೊಳ್ಳಿ," ಎಂದಾಗ ಇನ್‌ಸ್ಪೆಕ್ಟರ್ ಅವರ ಬಾಯಿಯನ್ನೊಮ್ಮೆ ನೋಡಿದರು.

"ಹಲ್ಲು ಎಷ್ಟಿವೆ ಅಮ್ಮ ನಿಮಗೆ?"

"ಕಚ್ಚೋದಕ್ಕೆ ಬೇಕಾದಷ್ಟಿವೆ," ಎಂದರು ಅತ್ತೆ.

ಠಾಣೆಯವರೆಲ್ಲ ನಕ್ಕರು. ರೈಟರೂ ನಕ್ಕ. ನಗುತ್ತ ನಗುತ್ತ ಆ ಮಾತನ್ನು ಬರೆಯದೆ ಬಿಟ್ಟ. ಅದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಕಳ್ಳ ಬೇಗನೆ ಸಿಕ್ಕಿಬಿದ್ದ. ನಗರ್ತಪೇಟೆಯ ಬೆಳ್ಳಿ ಅಂಗಡಿಯೊಂದಕ್ಕೆ ಕರಡಿಗೆ ಮಾರಲು ಹೋಗಿದ್ದನಂತೆ. ಅಂಗಡಿಯವರು ಮುಚ್ಚಳ ತೆಗೆದು ನೋಡಿ, ಒಳಗೆ ಲಿಂಗ ಕಂಡು ಹೆದರಿ, ಅವನನ್ನು ಮಾತಿನಲ್ಲಿ ಕೂರಿಸಿ ಪೊಲೀಸರನ್ನು ಕರೆಸಿದರು. ದಫೇದಾರ್ ಕೆಂಚಪ್ಪ ಮನೆಗೆ ಬಂದು ಸುದ್ದಿ ಹೇಳಿದಾಗ ಅತ್ತೆ ಅವನಿಗೆ ದೊಡ್ಡ ಲೋಟದಲ್ಲಿ ಹಾಲು ಕೊಟ್ಟರು. ಆಮೇಲೆ ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆ ಉಟ್ಟು, ಹಣೆ ತುಂಬ ವಿಭೂತಿ ಧರಿಸಿ, ಲಿಂಗ ತರಲು ಹೊಸ ಶಿವದಾರ ತೆಗೆದುಕೊಂಡು ಠಾಣೆಗೆ ಹೊರಟರು. ಹೋಗುವಾಗ ನನಗೆ ಹೇಳಿದರು: "ರಾತ್ರಿಗೆ ಮುದ್ದೆ ಮಾಡಿಸು. ಎರಡು ಹೊತ್ತು ಉಣ್ತೀನಿ ಇವತ್ತು."

ಠಾಣೆಯ ಬೀರುವಿನ ಮೇಲೆ ಒಂದು ಸೈಕಲ್ ಚೈನು, ಒಂದು ಮಚ್ಚು, ಕಳ್ಳಭಟ್ಟಿಯ ವಾಸನೆ ಹೊಡೆಯುವ ಎರಡು ಬಾಟಲಿಗಳು ಇದ್ದವು. ಅವುಗಳ ನಡುವೆ ಅರಗು ಹಾಕಿ ಮುದ್ರೆ ಒತ್ತಿದ ಒಂದು ಬಟ್ಟೆಗಂಟು. ಅದನ್ನು ಇಳಿಸಿ, ಬಿಚ್ಚಿ ತೋರಿಸಿ, ಇನ್‌ಸ್ಪೆಕ್ಟರ್ ಕೇಳಿದರು:

"ನಿಮ್ಮದೇನಾ, ನೋಡಿ."

"ನಂದೇ. ಕೊಡಿ."

"ಕೊಡೋದಕ್ಕಾಗಲ್ಲ ಅಮ್ಮ. ಈಗ ಇದು ಮುದ್ದೆಮಾಲು."

"ಹಾಗಂದ್ರೆ?"

"ಕೇಸಿನ ವಸ್ತು. ಕೋರ್ಟಿಗೆ ಹೋಗುತ್ತೆ. ಕೇಸು ಮುಗಿದ ಮೇಲೆ ಕೊಡ್ತಾರೆ."

"ಸ್ವಾಮಿ, ಕಳ್ಳನೂ ಇದನ್ನ ಕಿತ್ಕೊಂಡು ಕೊಡಲಿಲ್ಲ, ನೀವೂ ಕೊಡಲ್ಲ. ನಿಮಗೂ ಅವನಿಗೂ ಏನು ವ್ಯತ್ಯಾಸ?"

ನಾನು ಅವರ ಸೆರಗು ಜಗ್ಗಿದೆ. ಇನ್‌ಸ್ಪೆಕ್ಟರಿಗೆ ಕೋಪ ಬರಲಿಲ್ಲ, ಬೇಸರ ಬಂತು. ಕಾನೂನು ಹಾಗಿದೆ, ನಾನೇನು ಮಾಡಲಿ ಎಂದರು. ಅತ್ತೆ ಅವರನ್ನು ಬಿಟ್ಟು ಬಾಟಲಿಗಳ ಕಡೆ ಕೈ ತೋರಿಸಿದರು. ಕನಿಷ್ಠ ಆ ಹೆಂಡದ ಪಕ್ಕದಿಂದಾದರೂ ತೆಗೆದಿಡಿ ಎಂದು ಕೂತುಬಿಟ್ಟರು. ಕೆಂಚಪ್ಪ ಕೈಕಾಲು ತೊಳೆದುಕೊಂಡು ಬಂದು ಗಂಟನ್ನು ಬೇರೆ ಗೂಡಿಗೆ ಇಡುವವರೆಗೂ ಏಳಲಿಲ್ಲ. ಅವತ್ತು ರಾತ್ರಿಯ ಮುದ್ದೆಯನ್ನು ನಾವು ಉಂಡೆವು.

ಸಮನ್ಸು ಬರುವ ಹೊತ್ತಿಗೆ ಯುಗಾದಿ ಕಳೆದಿತ್ತು. ಯಜಮಾನರು ಪರಿಚಯದ ವಕೀಲರೊಬ್ಬರನ್ನು ಕೇಳಿದರು. ಅವರು, "ನಿಮಗೆ ವಕೀಲರೇ ಬೇಡ. ನಿಮ್ಮ ಪರ ಸರ್ಕಾರವೇ ನಡೆಸುತ್ತೆ," ಎಂದು ನಕ್ಕು ಕಳಿಸಿದರು. ಹಾಗಾದರೆ ಒಳ್ಳೆಯದೇ ಆಯಿತು ಎಂದುಕೊಂಡು ಮೊದಲ ವಾಯಿದೆಗೆ ಹೋದೆವು.

ಕೋರ್ಟಿನ ಜಗಲಿಯಲ್ಲಿ ಸಾಕ್ಷಿಗಳಿಗೆಂದು ಒಂದು ಬೆಂಚೂ ಇರಲಿಲ್ಲ. ಹೆಂಗಸರು ಹೋಗಿಬರುವುದಕ್ಕೆ ಜಾಗವೂ ಇರಲಿಲ್ಲ. ಆದ್ದರಿಂದ ವಾಯಿದೆ ಇದ್ದ ದಿನ ಅತ್ತೆ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಬಿಟ್ಟರು. ಸೊಂಟದ ನೋವಿಗೆ ನೆಲದ ಮೇಲೆ ಬಹಳ ಹೊತ್ತು ಕೂರಲಾರರು, ಬಹಳ ಹೊತ್ತು ನಿಲ್ಲಲಾರರು. ಗೋಡೆಗೆ ಒರಗಿ, ಸ್ವಲ್ಪ ಹೊತ್ತು ನನಗೆ ಒರಗಿ, ಮಧ್ಯಾಹ್ನದವರೆಗೆ ಕಾದಿದ್ದಾಯಿತು. ಆಮೇಲೆ ಜವಾನ ಬಂದು ಮ್ಯಾಜಿಸ್ಟ್ರೇಟರು ರಜೆಯಲ್ಲಿದ್ದಾರೆ ಎಂದ.

"ಇದನ್ನ ಬೆಳಿಗ್ಗೇನೇ ಹೇಳ್ಬಾರ್ದಿತ್ತೇನಪ್ಪ?"

"ನೀವು ಕೇಳಲಿಲ್ಲವಲ್ಲ ಅಮ್ಮ."

ಮುಂದಿನ ಸಲ ಬೆಳಿಗ್ಗೆಯೇ ಕೇಳಿದೆವು. ಮ್ಯಾಜಿಸ್ಟ್ರೇಟರಿದ್ದರು, ಆರೋಪಿಯನ್ನು ಜೈಲಿನಿಂದ ಕರೆತಂದಿರಲಿಲ್ಲ. ಅದರ ಮುಂದಿನ ಸಲ ಆರೋಪಿ ಬಂದಿದ್ದ, ಅವನ ವಕೀಲರಿಗೆ ಜ್ವರ. ಇನ್ನೊಮ್ಮೆ ಎಲ್ಲರೂ ಇದ್ದರು, ಆದರೆ ಗಂಟನ್ನು ತರುವುದು ಮರೆತಿದ್ದರು. ಅವತ್ತು ಅತ್ತೆ ಜಗಲಿಯಲ್ಲಿ ನಿಂತು ಕೆಂಚಪ್ಪನನ್ನು ಬೈದದ್ದು ನೋಡಿ ಬೇರೆ ಕೇಸಿನವರೆಲ್ಲ ಸುತ್ತ ಸೇರಿದರು. ಪಾಪ, ಮರೆತದ್ದು ಅವನಲ್ಲ. ಅವನು ತಲೆ ತಗ್ಗಿಸಿ ಬೈಸಿಕೊಂಡ.

ಸರ್ಕಾರಿ ವಕೀಲರು ಬದರೀನಾರಾಯಣ ಎಂಬುವರು. ಕಂಕುಳಲ್ಲಿ ಕಾಗದದ ಕಟ್ಟುಗಳನ್ನು ಇರುಕಿಕೊಂಡು ಓಡಾಡುತ್ತಿದ್ದರು. ಅತ್ತೆ ಒಂದು ದಿನ ಅವರಿಗೆ ಅಡ್ಡ ನಿಂತರು.

"ಸ್ವಾಮಿ, ನೀವು ನಮ್ಮ ವಕೀಲರಂತೆ. ನಾನು ಗುರುಬಸಮ್ಮ."

"ಯಾವ ಕೇಸು?"

"ಲಿಂಗದ ಕೇಸು."

"ಓ, ಬೆಳ್ಳಿ ಕರಡಿಗೆ. ಅಮ್ಮ, ನಾನು ನಿಮ್ಮ ವಕೀಲ ಅಲ್ಲ, ಸರ್ಕಾರದ ವಕೀಲ. ಕೇಸು ಸರ್ಕಾರಕ್ಕೂ ಆರೋಪಿಗೂ ನಡುವೆ. ನೀವು ಒಂದನೇ ಸಾಕ್ಷಿ, ಅಷ್ಟೆ."

"ಕಳಕೊಂಡೋಳು ನಾನು, ಬಿದ್ದೋಳು ನಾನು. ಸರ್ಕಾರದ್ದು ಏನು ಹೋಯ್ತು?"

"ಕೇಳಿದ್ದಕ್ಕೆ ಉತ್ತರ ಹೇಳಿದ್ರೆ ಸಾಕು ನೀವು," ಎಂದು ಅವರು ಒಳಗೆ ಹೋದರು. ಕಳ್ಳನ ಕೈ ಕಚ್ಚಿದ್ದನ್ನು ಹೇಳಬೇಕೆಂದೇ ಅತ್ತೆ ಅವರನ್ನು ನಿಲ್ಲಿಸಿದ್ದರು. ಹೇಳುವುದಕ್ಕೆ ಆಗಲಿಲ್ಲ.

ಆರೋಪಿಯ ಹೆಸರು ಚಿಕ್ಕಣ್ಣ. ಇಪ್ಪತ್ತೈದರ ಒಳಗಿನವನು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದವನಂತೆ. ಜಾಮೀನು ಕೊಡುವವರು ಯಾರೂ ಇಲ್ಲದ್ದರಿಂದ ಜೈಲಿನಲ್ಲೇ ಇದ್ದ. ವಾಯಿದೆಯ ದಿನ ಅವನ ಕೈಕೋಳದ ಸರಪಣಿಯನ್ನು ಹಿಡಿದುಕೊಂಡು ಕೆಂಚಪ್ಪ ಕೂರುತ್ತಿದ್ದ. ಬೇರೆ ನೆರಳಿಲ್ಲದ್ದರಿಂದ ಅದೇ ಜಗಲಿಯಲ್ಲಿ ನಾವು ಆ ಕಡೆ, ಅವರು ಈ ಕಡೆ. ಮೊದಲೆರಡು ಸಲ ಅತ್ತೆ ಮುಖ ತಿರುಗಿಸಿ ಕೂತರು. ಸುಮ್ಮನೆ ಕಾಯುವುದು ಅವರಿಗೆ ಒಗ್ಗದಲ್ಲ, ಮೂರನೆಯ ಸಲ ಅವನ ಕಡೆಗೇ ತಿರುಗಿದರು.

"ಯಾಕೋ ಕಿತ್ಕೊಂಡೆ?"

ಅವನು ಬಲ ಮುಂಗೈಯ ಹಲ್ಲಿನ ಕಲೆಯನ್ನು ಎಡಗೈಯಿಂದ ಮುಚ್ಚಿಕೊಂಡ.

"ಕೂಗಿ ಹೇಳಿದ್ನಲ್ಲೋ, ಲಿಂಗ ಕೊಟ್ಟು ಹೋಗು ಅಂತ. ಕೇಳಿಸಲಿಲ್ವಾ?"

"ಕೇಳಿಸ್ತು ಅಜ್ಜಿ," ಎಂದ ಅವನು. "ತಿರುಗಿ ಬಂದ್ರೆ ಹಿಡ್ಕೊಳ್ತಾರೆ ಅಂತ ಓಡಿದೆ. ತಪ್ಪಾಯ್ತು."

ಅತ್ತೆ, "ಹಾಗಾದ್ರೆ ಒಳಗೆ ಹೋಗಿ ಇದನ್ನೇ ಹೇಳು. ನನಗೂ ಬಿಡುಗಡೆ, ನಿನಗೂ ಬಿಡುಗಡೆ," ಎಂದರು.

"ವಕೀಲರು ಒಪ್ಕೋಬೇಡ ಅಂದಿದಾರೆ ಅಜ್ಜಿ."

ಅತ್ತೆ ಕೆಂಚಪ್ಪನ ಕಡೆ ನೋಡಿದರು. "ಕೇಳಿಸ್ಕೊಂಡ್ಯಾ ದಫೇದಾರ?"

ಕೆಂಚಪ್ಪ ಆಕಾಶ ನೋಡಿದ. "ನನಗೆ ಏನೂ ಕೇಳಿಸಲಿಲ್ಲ ಅಮ್ಮ. ನಾನು ಕೇಳಿಸ್ಕೊಂಡ್ರೂ ಅದು ನಡೆಯಲ್ಲ."

ಇಷ್ಟಾಗುವಾಗ ಅತ್ತೆ ಒಪ್ಪೊತ್ತಿನ ಊಟದಲ್ಲಿ ಅರ್ಧವಾಗಿದ್ದರು. ರವಿಕೆಗಳನ್ನೆಲ್ಲ ನಾನು ಹಿಡಿದು ಹೊಲಿದದ್ದಾಯಿತು. ಯಜಮಾನರಿಗೆ ತಡೆಯಲಾಗಲಿಲ್ಲ.

"ಅವ್ವಾ, ಬಿಟ್ಬಿಡು ಇದನ್ನ. ಇದಕ್ಕಿಂತ ಒಳ್ಳೆ ಕರಡಿಗೆ ಮಾಡಿಸಿಕೊಡ್ತೀನಿ."

"ಕರಡಿಗೆ ಯಾರಿಗೋ ಬೇಕು? ನಿನ್ನ ಅಂಗಡಿ ಲೆಕ್ಕದಲ್ಲಿ ಮಾತಾಡಬೇಡ ನನ್ನ ಹತ್ರ."

"ಹಾಗಾದ್ರೆ ಕೋರ್ಟಿಗೆ ಹೋಗ್ಬೇಡ."

"ಹೋಗದಿದ್ರೆ ವಾರಂಟ್ ತಂದು ಹಿಡ್ಕೊಂಡು ಹೋಗ್ತಾರಂತೆ. ಕದ್ದೋನಿಗೂ ಕೈಕೋಳ, ಕಳಕೊಂಡೋಳಿಗೂ ಕೈಕೋಳ. ಮಾಡಿಸು, ನೀನೇ ನಿಂತು ಮಾಡಿಸು!"

ಅಂತೂ ಶ್ರಾವಣ ಕಳೆದ ಮೇಲೆ ಒಂದು ದಿನ ಮ್ಯಾಜಿಸ್ಟ್ರೇಟರು, ಆರೋಪಿ, ಇಬ್ಬರು ವಕೀಲರು ಮತ್ತು ಗಂಟು, ಎಲ್ಲ ಒಟ್ಟಿಗೆ ಕೂಡಿಬಂದವು. ಜವಾನ ಬಾಗಿಲಲ್ಲಿ ನಿಂತು "ಗುರುಬಸಮ್ಮಾ" ಎಂದು ಮೂರು ಸಲ ಕೂಗಿದ. ಎದುರಿಗೇ ಇದ್ದೇವಲ್ಲ ಎಂದರೂ ಮೂರು ಸಲ ಕೂಗುವುದು ನಿಯಮವಂತೆ.

ಅತ್ತೆ ಕಟಕಟೆ ಹತ್ತಿದರು. ಬೆಂಚ್ ಕ್ಲರ್ಕು, "ದೇವರ ಮೇಲೆ ಪ್ರಮಾಣ ಮಾಡಿ ಸತ್ಯವನ್ನೇ ಹೇಳ್ತೀನಿ ಅನ್ನಿ," ಎಂದ.

"ನನ್ನ ದೇವರು ನಿಮ್ಮ ಗಂಟಲ್ಲಿದೆ. ಬಿಚ್ಚಿಕೊಡಿ, ಮುಟ್ಟಿ ಹೇಳ್ತೀನಿ."

ಮ್ಯಾಜಿಸ್ಟ್ರೇಟರು ತಲೆ ಎತ್ತಿದರು. ನಡುವಯಸ್ಸಿನವರು, ಮುಖದಲ್ಲಿ ಆಯಾಸವಿತ್ತು. "ಸುಮ್ಮನೆ ಹೇಳಿ ಅಮ್ಮ, ಸಾಕು. ಸುಳ್ಳು ಹೇಳೋ ಹಾಗೆ ಕಾಣಲ್ಲ ನೀವು." ಆಮೇಲೆ ಅತ್ತೆ ಸೊಂಟ ಹಿಡಿದುಕೊಂಡದ್ದನ್ನು ನೋಡಿ ಕುರ್ಚಿ ಹಾಕಿಸಿದರು. ಆ ಕಟ್ಟಡದಲ್ಲಿ ಅವರಿಗೆ ಸಿಕ್ಕ ಮೊದಲ ಕುರ್ಚಿ ಅದು.

ಬದರೀನಾರಾಯಣರು ಕೇಳಿದ್ದಕ್ಕೆ ಅತ್ತೆ ನಡೆದದ್ದನ್ನು ಹೇಳಿದರು. ಹೇಳುತ್ತ, "ಅಲ್ಲೇ ನಿಂತಿದಾನಲ್ಲ, ಅವನೇ. ಜಗಲಿಯಲ್ಲಿ ನನ್ನ ಹತ್ರ ತಪ್ಪಾಯ್ತು ಅಂತ ಒಪ್ಕೊಂಡಿದಾನೆ," ಎಂದುಬಿಟ್ಟರು.

ಆರೋಪಿಯ ವಕೀಲರು ರಾಮಾನುಜ ಚಂಗನೆ ಎದ್ದರು. ಅವನು ಪೊಲೀಸರ ವಶದಲ್ಲಿರುವಾಗ ಆಡಿದ ಮಾತು, ಬರೆದುಕೊಳ್ಳುವ ಹಾಗಿಲ್ಲ ಎಂದರು. ಮ್ಯಾಜಿಸ್ಟ್ರೇಟರು ಹೌದೆಂದು ತಲೆಯಾಡಿಸಿ, ಬರೆಯಲಿಲ್ಲ.

"ನಿಜ ಹೇಳು ಅಂತೀರಿ, ಹೇಳಿದ್ರೆ ಬರ್ಕೊಳ್ಳೋ ಹಾಗಿಲ್ಲ ಅಂತೀರಿ."

"ಕಾನೂನು ಅಮ್ಮ."

ಆ ಎಳೆದಾಟದಲ್ಲಿ ಕೈ ಕಚ್ಚಿದ ಮಾತು ಹೇಳುವುದು ಉಳಿದೇಹೋಯಿತು. ಆಮೇಲೆ ಎದುರು ವಕೀಲರ ಪಾಟೀಸವಾಲು. ರಾಮಾನುಜ ಮೆದು ಮಾತಿನವರು, ಅತ್ತೆಯನ್ನು "ತಾಯಿ" ಎಂದೇ ಕರೆದರು.

"ತಾಯಿ, ನಿಮ್ಮ ವಯಸ್ಸೆಷ್ಟು?"

"ಪ್ಲೇಗಿನ ವರ್ಷ ನನಗೆ ಮದುವೆಯಾಗಿತ್ತು. ಲೆಕ್ಕ ಹಾಕ್ಕೊಳ್ಳಿ."

"ಬಲಗಣ್ಣಿಗೆ ಪೊರೆ ಬಂದಿದೆ, ಅಲ್ಲವೇ?"

"ಎಡಗಣ್ಣು ಚೆನ್ನಾಗಿದೆ."

"ಆಗ ಸಂಜೆ ಕತ್ತಲಾಗಿತ್ತು."

"ದೀಪ ಹತ್ತಿತ್ತು."

"ಮುಖವನ್ನ ನೀವು ನೋಡಿದ್ದು ಒಂದೇ ಕ್ಷಣ."

"ಮುಖ ಒಂದು ಕ್ಷಣ. ಆದ್ರೆ ಅವನ ಕೈಯನ್ನ ನಾನು..."

"ಮುಖದ ಬಗ್ಗೆ ಮಾತ್ರ ಹೇಳಿ ತಾಯಿ."

"ಕೈ ವಿಷಯ ಹೇಳ್ತೀನಿ ಕೇಳ್ರೀ."

"ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಿ," ಎಂದರು ಮ್ಯಾಜಿಸ್ಟ್ರೇಟರು. ಅತ್ತೆ ಸರ್ಕಾರಿ ವಕೀಲರ ಕಡೆ ನೋಡಿದರು. ಅವರು ಮುಂದಿನ ಕೇಸಿನ ಕಾಗದ ತಿರುವುತ್ತಿದ್ದರು. ಅತ್ತೆ ನನ್ನ ಕಡೆ ನೋಡಿದರು. ಹಿಂದೆ ಕೂತಿದ್ದ ನಾನು ಏನು ಮಾಡಲಿ? ಎದ್ದು ಹೇಳಿದರೆ ಹೊರಗೆ ಕಳಿಸುತ್ತಿದ್ದರು.

ಕೊನೆಗೆ ವಸ್ತುವನ್ನು ಗುರುತಿಸುವ ಸರದಿ ಬಂತು. ಬೆಂಚ್ ಕ್ಲರ್ಕು ಮುದ್ರೆ ಒಡೆದು, ಬಟ್ಟೆ ಬಿಚ್ಚಿ, ಕರಡಿಗೆಯನ್ನು ಎರಡು ಬೆರಳಲ್ಲಿ ಹಿಡಿದು ಚಾಚಿದ.

"ಹಾಗೆ ಹಿಡೀಬೇಡ್ರೀ!" ಎಂದು ಅತ್ತೆ ಕೂಗಿದ ಕೂಗಿಗೆ ಅವನು ಮೇಜಿನ ಮೇಲೆ ಇಟ್ಟುಬಿಟ್ಟ. "ಸ್ವಲ್ಪ ನೀರು ಕೊಡಿ."

ಸಾಕ್ಷಿಗೆ ಕುಡಿಯಲು ಬೇಕೆಂದು ಜವಾನ ಲೋಟದಲ್ಲಿ ನೀರು ತಂದ. ಅತ್ತೆ ಕಟಕಟೆಯಿಂದ ಕೈ ಚಾಚಿ ಅದರಿಂದ ಕೈ ತೊಳೆದುಕೊಂಡರು. ನೀರು ಕೋರ್ಟಿನ ನೆಲದ ಮೇಲೆ ಹರಿಯಿತು. ಕರಡಿಗೆಯನ್ನು ಎತ್ತಿ ಹಣೆಗೊತ್ತಿಕೊಂಡು, ಮುಚ್ಚಳ ತೆಗೆದು, ಲಿಂಗವನ್ನು ಎಡ ಅಂಗೈಯಲ್ಲಿ ಇಟ್ಟುಕೊಂಡರು. ಸೆರಗಿನ ಗಂಟಿನಿಂದ ಚಿಟಿಕೆ ವಿಭೂತಿ ತೆಗೆದು ಅದಕ್ಕೆ ಹಚ್ಚಿ ಕಣ್ಣು ಮುಚ್ಚಿದರು.

ಸ್ವಲ್ಪ ಹೊತ್ತು ಯಾರಿಗೂ ಏನು ನಡೆಯುತ್ತಿದೆ ಎಂದು ತಿಳಿಯಲಿಲ್ಲ. ಆಮೇಲೆ ರಾಮಾನುಜ ಎದ್ದು, "ಸ್ವಾಮಿ, ಸಾಕ್ಷಿ ಪೂಜೆ ಮಾಡ್ತಿದಾರೆ," ಎಂದರು.

"ನನಗೂ ಕಾಣ್ತಿದೆ. ಕೂತ್ಕೊಳ್ಳಿ," ಎಂದರು ಮ್ಯಾಜಿಸ್ಟ್ರೇಟರು.

ಬೇರೆ ಕೇಸಿನವರೆಲ್ಲ ಬಾಗಿಲಲ್ಲಿ ಇಣುಕಿದರು. ಕೆಂಚಪ್ಪ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ನನಗೋ ನಾಚಿಕೆ, ಭಯ, ಅಳು ಎಲ್ಲ ಒಟ್ಟಿಗೆ ಬಂತು. ಅತ್ತೆಗೆ ಯಾರ ಅವಸರವೂ ಇರಲಿಲ್ಲ. ಅಷ್ಟು ತಿಂಗಳು ಅವರು ಕಾದಿದ್ದರು, ಈಗ ಕೋರ್ಟು ಕಾಯಿತು. ಕಣ್ಣು ತೆರೆದ ಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು, ಸೆರಗಿನಲ್ಲಿ ಸುತ್ತಿ, ಎದೆಗೆ ಒತ್ತಿಕೊಂಡರು.

"ನಂದೇ," ಎಂದರು.

"ಸರಿ ಅಮ್ಮ. ಅದನ್ನ ವಾಪಸು ಕೊಡಿ."

"ಕೊಡಲ್ಲ."

"ಅಮ್ಮ, ಅದು ಕೋರ್ಟಿನ ವಸ್ತು."

"ಇದು ನನಗೆ ಗುರು ಕಟ್ಟಿದ್ದು. ಕೋರ್ಟಿಗೆ ಯಾವ ಗುರು ಕಟ್ಟಿದ? ಜೈಲಿಗೆ ಹಾಕ್ತೀರಾ? ಹಾಕಿ. ಅಲ್ಲಿ ಚಿಕ್ಕಣ್ಣನಿಗೆ ಎರಡು ಹೊತ್ತು ಊಟ ಕೊಡ್ತಾರಂತೆ. ನಾನು ಉಣ್ತಿರೋದು ಒಂದೇ ಹೊತ್ತು."

ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟರು. "ಒಂದೇ ಹೊತ್ತು ಯಾಕೆ?" ಎಂದು ಕೇಳಿದರು. ನಾನು ಹಿಂದಿನಿಂದ ಎದ್ದು ವ್ರತದ ವಿಷಯ ಹೇಳಿದೆ. ಯಾರೂ ನನ್ನನ್ನು ಹೊರಗೆ ಕಳಿಸಲಿಲ್ಲ. ಮ್ಯಾಜಿಸ್ಟ್ರೇಟರು ಸರ್ಕಾರಿ ವಕೀಲರ ಕಡೆ ತಿರುಗಿದರು.

"ವಸ್ತು ಬಿಡುಗಡೆಗೆ ಇವರ ಅರ್ಜಿ ಯಾಕೆ ಬಂದಿಲ್ಲ? ಕೇಸು ನಡೀತಿರೋವಾಗಲೇ ಮುಚ್ಚಳಿಕೆ ಬರೆಸ್ಕೊಂಡು ಕೊಡಬಹುದಲ್ಲ."

"ಯಾರೂ ಅರ್ಜಿ ಹಾಕಲಿಲ್ಲ ಸ್ವಾಮಿ."

ಅತ್ತೆಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಏನು? ಕೇಳಿದ್ರೆ ಮೊದಲೇ ಕೊಡ್ತಿದ್ರಾ?"

"ಕೊಡಬಹುದಿತ್ತು ಅಮ್ಮ."

"ಠಾಣೆಯಲ್ಲಿ ಕೇಳಿದ್ನಲ್ಲ! ಇಲ್ಲಿ ಜಗಲಿ ಮೇಲೆ ಸಿಕ್ಕಸಿಕ್ಕೋರನ್ನೆಲ್ಲ ಕೇಳಿದ್ನಲ್ಲ!"

"ಅರ್ಜಿ ಬರೆದು ಕೇಳ್ಬೇಕಿತ್ತು."

"ಹಾಗಂತ ಯಾರು ಹೇಳ್ಬೇಕಿತ್ತು ನನಗೆ?"

ಮ್ಯಾಜಿಸ್ಟ್ರೇಟರು ಮುಚ್ಚಳಿಕೆಯ ಕಾಗದ ತರಿಸಿದರು. ಕರಡಿಗೆ ಬೆಳ್ಳಿಯದು, ಅದು ಕೇಸು ಮುಗಿಯುವವರೆಗೆ ಇರಬೇಕು ಎಂದು ರಾಮಾನುಜ ಹೇಳಿದರು. ಒಳಗಿನದಕ್ಕೆ ತಮ್ಮ ಆಕ್ಷೇಪಣೆ ಇಲ್ಲ, ಪೊಲೀಸರೇ ಅದನ್ನು "ಕಪ್ಪು ಕಲ್ಲು ಒಂದು, ಬೆಲೆ ಇಲ್ಲ" ಎಂದು ಬರೆದಿದ್ದಾರೆ ಎಂದರು. ಅತ್ತೆಯ ಮುಖ ಕೆಂಪಾಯಿತು. ನಾನು ಓಡಿಹೋಗಿ ಅವರ ಕೈ ಹಿಡಿದುಕೊಂಡೆ.

"ಅತ್ತೆ, ಏನೂ ಅನ್ನಬೇಡಿ. ಬೆಲೆ ಇಲ್ಲ ಅಂದಿದ್ರಿಂದಲೇ ಕೊಡ್ತಿದಾರೆ. ತಗೊಂಡು ಬಂದ್ಬಿಡಿ."

ಹೀಗೆ ಕರಡಿಗೆ ಅಲ್ಲೇ ಉಳಿದು, ಲಿಂಗ ಸಿಕ್ಕಿತು. ಕರೆದಾಗ ತಂದು ಹಾಜರುಪಡಿಸುತ್ತೇನೆ ಎಂಬ ಮುಚ್ಚಳಿಕೆಗೆ ಅತ್ತೆ ಹೆಬ್ಬೆಟ್ಟು ಒತ್ತಲಿಲ್ಲ, ಅಂಗಡಿ ನಡೆಸಿದ ಕಾಲದ ಹಾಗೆ ದಪ್ಪ ಅಕ್ಷರದಲ್ಲಿ ರುಜು ಹಾಕಿದರು. ಜಟಕಾದಲ್ಲಿ ಬರುತ್ತ, "ನನ್ನ ದೇವರಿಗೆ ನಾನೇ ಜಾಮೀನು ನಿಂತೆ ನೋಡೇ," ಎಂದು ದಾರಿಯುದ್ದಕ್ಕೂ ಗೊಣಗಿದರು. ಮನೆಗೆ ಬಂದು ಪೂಜೆ ಮುಗಿಸಿ, ಮಠಕ್ಕೆ ಹೇಳಿಕಳಿಸಿ, ರಾತ್ರಿ ಊಟಕ್ಕೆ ಕೂತರು. ಎರಡು ತುತ್ತಿಗಿಂತ ಹೆಚ್ಚು ಇಳಿಯಲಿಲ್ಲ. ಹೊಟ್ಟೆಗೆ ಅಭ್ಯಾಸ ತಪ್ಪಿಹೋಗಿತ್ತು. ಅದಕ್ಕೂ ಕೋರ್ಟನ್ನೇ ಬೈದರು.

ಕೇಸು ಏನಾಯಿತೆಂದು ನಮಗೆ ಯಾರೂ ಹೇಳಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಮಾರ್ಕೆಟ್ಟಿನಲ್ಲಿ ಕೆಂಚಪ್ಪ ಸಿಕ್ಕಿ, "ತೀರ್ಪಾಗಿ ತಿಂಗಳಾಯ್ತಲ್ಲ, ಗೊತ್ತಿಲ್ವಾ?" ಎಂದನಂತೆ. ಯಜಮಾನರು ಬಂದು ಹೇಳಿದ್ದೇ ತಡ, ಅತ್ತೆ ಮಾರನೆಯ ದಿನ ನನ್ನನ್ನು ಎಳೆದುಕೊಂಡು ಕೋರ್ಟಿಗೆ ಹೋದರು. ತೀರ್ಪು ಇಂಗ್ಲಿಷಿನಲ್ಲಿತ್ತು. ಬೆಂಚ್ ಕ್ಲರ್ಕು ಬಿಡುವಿಲ್ಲ ಎಂದ. ಅತ್ತೆ ಅವನ ಮೇಜಿನ ಎದುರಿಗೆ ನಿಂತೇ ಇದ್ದರು. ಕೊನೆಗೆ ಅವನು ಸೋತು, ಕನ್ನಡದಲ್ಲಿ ಹೇಳುತ್ತ ಹೋದ.

ಕದ್ದ ಮಾಲನ್ನು ಇಟ್ಟುಕೊಂಡದ್ದಕ್ಕೆ ಚಿಕ್ಕಣ್ಣನಿಗೆ ಶಿಕ್ಷೆಯಾಗಿತ್ತು. ಜೈಲಿನಲ್ಲಿ ಆಗಲೇ ಕಳೆದದ್ದು ಸಾಕೆಂದು ಬಿಟ್ಟಿದ್ದರು. ಕಿತ್ತುಕೊಂಡು ಕೆಡವಿದ್ದು ಅವನೇ ಎಂಬುದು ಸಾಬೀತಾಗಿರಲಿಲ್ಲ.

"ಯಾಕಂತೆ?"

ಕ್ಲರ್ಕು ಹಿಂಜರಿಯುತ್ತ ಹೇಳಿದ: "ಒಂದನೇ ಸಾಕ್ಷಿ ಪ್ರಾಮಾಣಿಕಳು. ಆದರೆ ವೃದ್ಧೆ, ದೃಷ್ಟಿ ಮಂದ. ಮುಖ ಗುರುತಿಸಿದ್ದನ್ನು ಒಂದೇ ನಂಬಿ ಶಿಕ್ಷೆ ಕೊಡುವುದು ಕ್ಷೇಮವಲ್ಲ. ಗುರುತಿಗೆ ಬೇರೆ ಯಾವ ಪುರಾವೆಯೂ ಇಲ್ಲ."

"ಇಲ್ವಾ? ಕಚ್ಚಿದ ಗುರುತಿತ್ತಲ್ಲ ಕೈ ಮೇಲೆ!"

"ಅದು ಎಲ್ಲೂ ಬಂದಿಲ್ಲ ಅಮ್ಮ. ಠಾಣೆಯಲ್ಲೂ ಹೇಳಿಲ್ಲ ನೀವು."

ಅವನು ದೂರಿನ ಕಾಗದ ತೆಗೆದು ಓದಿದ. ನಿಜವೇ, ಅದರಲ್ಲಿ ಇರಲಿಲ್ಲ. ಅತ್ತೆ ನನ್ನ ಮುಖ ನೋಡಿದರು. "ನೀನಿದ್ದೆಯಲ್ಲೇ ರುದ್ರಾಣಿ, ಹೇಳಿದ್ನಾ ಇಲ್ವಾ ನಾನು?" ಎಂದರು. ಅಂಗಡಿ ನಡೆಸಿದ ಆ ಹೆಂಗಸಿಗೆ ತನ್ನ ನೆನಪಿನ ಮೇಲೆಯೇ ಒಂದು ಗಳಿಗೆ ಅನುಮಾನ ಬಂದದ್ದನ್ನು ನಾನು ನೋಡಿದೆ. ಇಡೀ ಕೇಸಿನಲ್ಲಿ ನನಗೆ ತೀರಾ ರೇಗಿದ್ದು ಆಗಲೇ.

"ಹೇಳಿದ್ರಿ ಅತ್ತೆ. ಅವರು ನಕ್ಕರು," ಎಂದೆ.

ಕರಡಿಗೆಯನ್ನು ಅವತ್ತೇ ಅರ್ಜಿ ಬರೆದುಕೊಟ್ಟು ಬಿಡಿಸಿಕೊಂಡೆವು. ಚಿಕ್ಕಣ್ಣ ಬಿಡುಗಡೆಯಾದದ್ದರ ಬಗ್ಗೆ ಅತ್ತೆಯದೇನೂ ತಕರಾರಿರಲಿಲ್ಲ. ಒಂದು ವರ್ಷ ಒಳಗಿದ್ದ, ಸಾಕು ಎಂಬುದು ಅವರ ಲೆಕ್ಕ. ದೃಷ್ಟಿ ಮಂದ ಎಂದದ್ದನ್ನು ಮಾತ್ರ ಕ್ಷಮಿಸಲಿಲ್ಲ. ಮನೆಗೆ ಬಂದವರಿಗೆಲ್ಲ ಎದುರು ಮನೆಯ ಜಗಲಿಯ ಮೇಲೆ ಯಾರು ಏನು ಓದುತ್ತಿದ್ದಾರೆಂದು ಎಡಗಣ್ಣಿನಲ್ಲಿ ನೋಡಿ ಹೇಳುತ್ತಿದ್ದರು.

ಮೂರು ವರ್ಷದ ಮೇಲೆ ಬಸವನಗುಡಿಯ ಅಂಬುಜಮ್ಮನವರ ಮನೆಯಲ್ಲಿ ಕಳ್ಳತನವಾಯಿತು. ಅಂಬುಜಮ್ಮ ನಮ್ಮ ಅಂಗಡಿಯ ಹಳೆಯ ಗಿರಾಕಿ, ಅತ್ತೆಗಿಂತ ಸ್ವಲ್ಪ ಚಿಕ್ಕವರು. ತಾಯಿ ಕೊಟ್ಟ ಬಳೆ, ಗಂಡನ ಬೆಳ್ಳಿಯ ಪಂಚಪಾತ್ರೆ ಪೊಲೀಸರಿಗೆ ಸಿಕ್ಕಿವೆ, ಆದರೆ ಕೇಸು ಮುಗಿಯುವವರೆಗೆ ಕೊಡುವುದಿಲ್ಲವಂತೆ ಎಂದು ಅವರು ಬಂದು ಅತ್ತರು. ಅತ್ತೆ ಮಾತು ಮುಗಿಯಲು ಬಿಡಲಿಲ್ಲ.

"ಏಳಿ, ಜಟಕಾ ತರಿಸ್ತೀನಿ. ರುದ್ರಾಣಿ, ಕಾಗದ ಲೇಖನಿ ತಗೋ."

ಠಾಣೆಯಲ್ಲಿ ಹೊಸ ಇನ್‌ಸ್ಪೆಕ್ಟರ್ ಇದ್ದರು. ಅಂಬುಜಮ್ಮ ದೂರಿನಲ್ಲಿ ಏನೇನು ಹೇಳಿದ್ದಾರೋ ಅದನ್ನೆಲ್ಲ ಓದಿ ಹೇಳಿ ಎಂದು ಅತ್ತೆ ಪಟ್ಟು ಹಿಡಿದರು. ಓದಿದರು. ಕಿಟಕಿಯ ಸರಳು ಬಗ್ಗಿಸಿದ್ದ ವಿಷಯ ಅದರಲ್ಲಿರಲಿಲ್ಲ. ಅದನ್ನು ಬರೆಸಿ, ಅಂಬುಜಮ್ಮನವರ ರುಜು ಹಾಕಿಸಿದರು. ಅಲ್ಲಿಂದ ನೇರ ಕೋರ್ಟಿಗೆ ಹೋಗಿ, ಬಿಡುಗಡೆಯ ಅರ್ಜಿಯನ್ನು ಜಗಲಿಯ ಮೇಲೆ ನನ್ನ ಕೈಯಲ್ಲಿ ಬರೆಸಿದರು. ಯಾವ ಕ್ಲರ್ಕಿನ ಹತ್ತಿರ ಕೊಡಬೇಕು, ಅವನು ಯಾವಾಗ ಕಾಫಿಗೆ ಏಳುತ್ತಾನೆ, ಎಲ್ಲ ಅವರಿಗೆ ಗೊತ್ತಿತ್ತು. ಅಂಬುಜಮ್ಮನಿಗೆ ನಿಂತು ಕಾಲು ನೋಯುವುದನ್ನು ನೋಡಿ, ಒಳಗೆ ಹೋಗಿ ಜವಾನನ ಸ್ಟೂಲನ್ನು ಅವನನ್ನು ಕೇಳದೆ ಎತ್ತಿಕೊಂಡು ಬಂದರು.

"ಅಮ್ಮ, ಅದು ಆಫೀಸಿನದು," ಎಂದು ಅವನು ಹಿಂದೆಯೇ ಓಡಿಬಂದ.

"ಆಮೇಲೆ ತಗೊಂಡು ಹೋಗು. ಈಗ ಇವರು ಕೂತಿದಾರೆ."

ಅಂಬುಜಮ್ಮನವರ ಬಳೆ ಆಷಾಢ ಹುಟ್ಟುವುದರೊಳಗೆ ಕೈಗೆ ಬಂತು. ಪಂಚಪಾತ್ರೆಗೆ ಮತ್ತೊಂದು ಅರ್ಜಿ ಬೇಕು ಎಂದರು. ಎರಡೂ ಒಂದೇ ಗಂಟಿನಲ್ಲಿದ್ದವು. ಅತ್ತೆ ಆ ಕ್ಲರ್ಕನ್ನು ಏನೆಂದು ಬೈದರು ಎಂಬುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಎರಡನೆಯ ಅರ್ಜಿಯನ್ನೂ ನಾನೇ ಬರೆದೆ.